ಕ್ಯಾರವಾನ್‌ನಲ್ಲಿ ಸುಟ್ಟ ವಾಸನೆ: ಬೆಂಕಿ ಹೊತ್ತುವ ಮೊದಲೇ ದೋಷ ಹಿಡಿಯುವುದು ಹೇಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪ್ ಮುಂದೆ ಉದ್ದನೆಯ ವ್ಯಾನೊಂದು ಬಂದು ನಿಂತಿತು. ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ಫ್ರಿಜ್ ಕೂರಿಸಿ ಕ್ಯಾರವಾನ್ ಮಾಡಿಸಿಕೊಂಡ ಗಾಡಿ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟವರು.

"ಅಣ್ಣಾ, ಇಂಡಕ್ಷನ್ ಒಲೆ ಹಾಕಿದ್ರೆ ಹತ್ತು ನಿಮಿಷಕ್ಕೆ ಏನೋ ವಾಸನೆ ಬರುತ್ತೆ" ಅಂದರು ಯಜಮಾನರು. ಒಳಗಿನಿಂದಲೇ ಅಜ್ಜಿ, "ಮೀನು ಹುರಿದಂಗೆ ಬರ್ತೈತಪ್ಪ. ನಾವು ಮೀನು ತಿನ್ನೋರಲ್ಲ" ಅಂದರು.

ನಾನು ಟೂಲ್ ಬಾಕ್ಸ್ ಮುಟ್ಟುವ ಮೊದಲು ಗಾಡಿಯಲ್ಲಿದ್ದವರನ್ನೆಲ್ಲ ಕೆಳಗಿಳಿಸಿದೆ. ಅಡುಗೆಯಿಲ್ಲದ ಜಾಗದಲ್ಲಿ ಮೀನಿನ ವಾಸನೆ ಬಂತೆಂದರೆ ಎಲೆಕ್ಟ್ರಿಕ್ ಪ್ಲಾಸ್ಟಿಕ್ ಕಾಯುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಸ್ವಿಚ್ಚು, ಹೋಲ್ಡರ್, ವೈರಿನ ಹೊದಿಕೆಯಂಥ ಪ್ಲಾಸ್ಟಿಕ್‌ಗಳಲ್ಲಿ ಕೆಲವು, ಹೊಗೆ ಬರುವ ಎಷ್ಟೋ ಮೊದಲು ಆ ವಾಸನೆ ಬಿಡುತ್ತವೆ. ಬ್ಯಾಟರಿ ಇದ್ದದ್ದು ಅಜ್ಜಿ ಮಲಗುತ್ತಿದ್ದ ಮಂಚದ ಕೆಳಗೆ. ಪ್ಲೈವುಡ್ ಹಲಗೆ ಎತ್ತಿದೆ. ಇನ್ವರ್ಟರ್‌ಗೆ ಹೋಗುವ ಕೆಂಪು ವೈರು ಫ್ಯೂಸ್ ಹೋಲ್ಡರ್ ಬಳಿ ಕೆಂಪಾಗಿರಲಿಲ್ಲ, ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿಗೆ ಲಗ್ ಎನ್ನುತ್ತೇವೆ. ಆ ಲಗ್ಗಿನ ತಲೆ ಮೇಲಿದ್ದ ಹಲಗೆಯಲ್ಲಿ ರೂಪಾಯಿ ನಾಣ್ಯದಷ್ಟಗಲ ಕಪ್ಪು ಕಲೆ. ಅದರಿಂದ ಎರಡು ಬೆರಳು ದೂರದಲ್ಲಿ ಹಾಸಿಗೆಯ ಫೋಮ್.

ಈ ಗಾಡಿಯಲ್ಲಿ ಅದಕ್ಕೂ ಮುಂಚೆ ಎರಡು ಸಲ ಫ್ಯೂಸ್ ಹೋಗಿತ್ತಂತೆ. 150 ಆ್ಯಂಪಿನದು. ದಾರಿಯಲ್ಲಿ ಯಾರೋ ಮೆಕ್ಯಾನಿಕ್ "ಇದು ಸಾಕಾಗಲ್ಲ ಸಾರ್" ಎಂದು 300 ಆ್ಯಂಪಿನದು ಹಾಕಿಕೊಟ್ಟಿದ್ದ. ಆಮೇಲೆ ಫ್ಯೂಸ್ ಹೋಗಲಿಲ್ಲ, ವಾಸನೆ ಶುರುವಾಯಿತು. ಕ್ಯಾರವಾನ್ ಬೆಂಕಿಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಈ ಒಂದು ಗಾಡಿಯಲ್ಲೇ ಇದೆ. ಫ್ಯೂಸ್ ಹಾರುವುದು, ವಾಸನೆ ಬರುವುದು, ವೈರು ಬಿಸಿಯಾಗುವುದು ಗಾಡಿ ಕೊಡುವ ದೂರು. ದೂರು ಕೊಟ್ಟವರ ಬಾಯಿ ಮುಚ್ಚಿಸಿದರೆ ದೋಷ ಹೋಗುವುದಿಲ್ಲ.

ಮೊದಲು ಇದನ್ನು ಓದಿ: ಓಡುವಾಗ ಹೊಗೆ ಕಂಡರೆ

ಹೊಗೆ ಕಂಡಮೇಲೆ ದೋಷ ಹುಡುಕುವ ಕೆಲಸ ಇಲ್ಲ. ಎಡಕ್ಕೆ ತೆಗೆದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎಲ್ಲರೂ ಇಳಿದು, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹೊಗೆ ಬಾರದ ಬದಿಯಲ್ಲಿ ಕನಿಷ್ಠ 30 ಮೀಟರ್ ದೂರ ಹೋಗಿ. ಗ್ಯಾಸ್ ಸಿಲಿಂಡರ್ ಇರುವ ಗಾಡಿಯಾದರೆ ಇನ್ನೂ ದೂರ. ಬ್ಯಾಗು, ಲ್ಯಾಪ್‌ಟಾಪ್ ಎಂದು ಯಾರೂ ವಾಪಸ್ ಹೋಗಬಾರದು. 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಎಲ್ಲಿದ್ದೇವೆ ಎಂದು ಹೇಳಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಭರಮಸಾಗರ ದಾಟಿದ್ದೇವೆ ಎಂದರೆ ಸಾಲದು. ಯಾವ ಊರಿನ ಕಡೆ ಮುಖ ಮಾಡಿದ್ದೀರಿ ಎಂಬುದನ್ನೂ ಹೇಳಬೇಕು, ಯಾಕೆಂದರೆ ನಡುವೆ ಡಿವೈಡರ್ ಇದೆ, ಫೈರ್ ಎಂಜಿನ್ ಆ ಕಡೆ ಬಂದು ನಿಂತರೆ ಪ್ರಯೋಜನವಿಲ್ಲ.

ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ. ಒಳಗೆ ಗಾಳಿ ಸಾಲದೆ ಕುಮುಲುತ್ತಿದ್ದ ಬೆಂಕಿಗೆ ನೀವೇ ಗಾಳಿ ಕೊಟ್ಟಂತಾಗುತ್ತದೆ, ಜ್ವಾಲೆ ಮುಖಕ್ಕೇ ಬರುತ್ತದೆ. ಲಿವರ್ ಎಳೆದು ಬಾನೆಟ್ಟನ್ನು ಮೊದಲ ಕೊಂಡಿಯ ಮಟ್ಟಕ್ಕೆ ಸಡಿಲಿಸಿ, ಆ ಸಂದಿಯಿಂದ ಬೆಂಕಿ ಆರಿಸುವ ಸಿಲಿಂಡರಿನ ಪೌಡರ್ ಹೊಡೆಯಬೇಕು. ಅದೂ ಬೆಂಕಿ ಚಿಕ್ಕದಿದ್ದು, ಹಿಂದೆ ಓಡಲು ದಾರಿ ಇದ್ದರೆ ಮಾತ್ರ.

ಮೂಗು ಮೊದಲ ಮೀಟರ್

ಹೊಗೆ ಇಲ್ಲ, ವಾಸನೆ ಮಾತ್ರ ಇದೆ ಎಂದಾಗ ಯಾವ ವಾಸನೆ, ಯಾವಾಗ, ಯಾವ ಬದಿಯಿಂದ ಎಂದು ಕೇಳಿಕೊಂಡರೆ ಅರ್ಧ ಹುಡುಕಾಟ ಮುಗಿದಂತೆ. ಮೀನಿನ ಅಥವಾ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ವೈರಿಂಗ್. ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟ್ ಎಲ್ಲೋ ಸೋರಿ ಬಿಸಿ ಲೋಹದ ಮೇಲೆ ಬೀಳುತ್ತಿದೆ. ಅದರಲ್ಲಿ ನೀರಿದೆಯಲ್ಲ ಎಂದು ಧೈರ್ಯವಾಗಿರಬೇಡಿ. ನೀರು ಆವಿಯಾದ ಮೇಲೆ ಉಳಿಯುವ ಗ್ಲೈಕಾಲ್ ಹೊತ್ತಿಕೊಳ್ಳಬಲ್ಲದು. ಬಾಣಲೆಯಲ್ಲಿ ಎಣ್ಣೆ ಸೀದ ವಾಸನೆ ಬಂದರೆ ಎಂಜಿನ್ ಆಯಿಲ್. ಮೂಗಿಗೆ ಘಾಟು ಹೊಡೆಯುವ, ಸುಟ್ಟ ಕೂದಲನ್ನು ನೆನಪಿಸುವ ವಾಸನೆ ಚಕ್ರದ ಕಡೆಯಿಂದ ಬಂದರೆ ಬ್ರೇಕ್ ಲೈನರ್. ಒಲೆಗೆ ಹುಲ್ಲು ಹಾಕಿದ ವಾಸನೆ ಗಾಡಿ ಕೆಳಗಿನಿಂದ ಬಂದರೆ ತಡಮಾಡದೆ ನಿಲ್ಲಿಸಿ. ಅದರ ಕಥೆ ಮುಂದೆ ಹೇಳುತ್ತೇನೆ.

ಜನ ಎಡವುವುದು ಕೊಳೆತ ಮೊಟ್ಟೆ ವಾಸನೆಯಲ್ಲಿ. ಅದು ಎರಡು ಕಡೆಯಿಂದ ಬರುತ್ತದೆ. ಅಡುಗೆ ಗ್ಯಾಸಿಗೆ ಸೋರಿಕೆ ಗೊತ್ತಾಗಲೆಂದು ಕಟುವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಸೀಸ-ಆಮ್ಲದ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಕುದಿಯುವಾಗಲೂ ಹೆಚ್ಚುಕಡಿಮೆ ಅಂಥದೇ ವಾಸನೆ ಬರುತ್ತದೆ. ಯಾವುದೆಂದು ತಿಳಿಯುವ ತನಕ ಗ್ಯಾಸ್ ಎಂದೇ ಭಾವಿಸಿ ನಡೆಯಬೇಕು: ಸಿಲಿಂಡರ್ ಬಂದ್, ಬಾಗಿಲು ತೆರೆ, ಸ್ವಿಚ್ ಮುಟ್ಟಬೇಡ. ಗ್ಯಾಸಲ್ಲ ಎಂದು ಖಾತ್ರಿಯಾದ ಮೇಲೆ ಬ್ಯಾಟರಿಯ ಹೊಟ್ಟೆ ಉಬ್ಬಿದೆಯಾ, ಬಿಸಿಯಾಗಿದೆಯಾ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.6 ವೋಲ್ಟ್ ಇರಬೇಕು. 15 ದಾಟಿ ಅಲ್ಲೇ ನಿಂತರೆ ಡೈನಮೋದ ರೆಗ್ಯುಲೇಟರ್ ಕೆಟ್ಟಿದೆ. ಕುದಿಯುವ ಬ್ಯಾಟರಿಯ ಟರ್ಮಿನಲ್ ಅವಸರದಲ್ಲಿ ಕೀಳಬೇಡಿ. ಅದರ ಸುತ್ತ ಹೈಡ್ರೋಜನ್ ತುಂಬಿರುತ್ತದೆ, ಕೀಳುವಾಗ ಸಿಡಿಯುವ ಒಂದು ಕಿಡಿ ಸಾಕು. ಮೊದಲು ಎಂಜಿನ್ ಆಫ್ ಮಾಡಿ, ಚಾರ್ಜರ್ ಬಂದ್ ಮಾಡಿ, ಗಾಳಿ ಆಡಲು ಬಿಡಿ.

ವೈರಿಂಗ್

ಕಾರ್ಖಾನೆಯಿಂದ ಬಂದ ವೈರಿಂಗ್‌ಗೆ ಹೋಲಿಸಿದರೆ ಆಮೇಲೆ ಸೇರಿಸಿದ ವೈರಿಂಗ್‌ನಲ್ಲೇ ನಾನು ಸುಟ್ಟ ಗುರುತು ಹೆಚ್ಚು ಕಂಡಿದ್ದೇನೆ. ಇನ್ವರ್ಟರ್, ಎರಡನೇ ಬ್ಯಾಟರಿ, ರೂಫಿನ ಸೋಲಾರ್, ನೀರಿನ ಪಂಪು, ಎಲ್‌ಇಡಿ ಪಟ್ಟಿ. ಒಂದೊಂದನ್ನೂ ಒಬ್ಬೊಬ್ಬರು, ಒಂದೊಂದು ಊರಲ್ಲಿ ಹಾಕಿರುತ್ತಾರೆ.

12 ವೋಲ್ಟ್ ಎಂದರೆ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ಲೆಕ್ಕ ಮಾಡಿ ನೋಡಿ. 1200 ವ್ಯಾಟಿನ ಇಂಡಕ್ಷನ್ ಒಲೆ ಮನೆಯ 230 ವೋಲ್ಟ್‌ನಲ್ಲಿ ಸುಮಾರು 5 ಆ್ಯಂಪ್ ಎಳೆಯುತ್ತದೆ. ಅದೇ ಒಲೆಯನ್ನು ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿದರೆ, ಇನ್ವರ್ಟರ್ ತಿನ್ನುವುದನ್ನೂ ಸೇರಿಸಿ, 110 ಆ್ಯಂಪ್. ಬ್ಯಾಟರಿ ಬಳಲಿ ವೋಲ್ಟೇಜ್ 10.8ಕ್ಕೆ ಇಳಿದರೆ ಇನ್ವರ್ಟರ್ ಸುಮ್ಮನಿರುವುದಿಲ್ಲ, ಅಷ್ಟೇ ವ್ಯಾಟ್ ಕೊಡಲು 120 ಆ್ಯಂಪಿಗೂ ಮೇಲೆ ಎಳೆಯುತ್ತದೆ. ಜಾಯಿಂಟ್ ಸಡಿಲವಾದಷ್ಟೂ ವೋಲ್ಟೇಜ್ ಬೀಳುತ್ತದೆ, ವೋಲ್ಟೇಜ್ ಬಿದ್ದಷ್ಟೂ ಕರೆಂಟ್ ಏರುತ್ತದೆ, ಕರೆಂಟ್ ಏರಿದಷ್ಟೂ ಜಾಯಿಂಟ್ ಕಾಯುತ್ತದೆ.

ಆ ದಿನ ನಾನು ಅಳೆದ ಕ್ರಮವನ್ನೇ ಹೇಳುತ್ತೇನೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಡಿಸಿ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ಇದ್ದರೆ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಒಲೆ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಆನ್ ಮಾಡಿಸಿದೆ. ಲೋಡ್ ಇಲ್ಲದೆ ಅಳೆದರೆ ಕೆಟ್ಟ ಜಾಯಿಂಟೂ ಒಳ್ಳೆಯದೆಂದೇ ತೋರಿಸುತ್ತದೆ, ಅದಕ್ಕೇ ಲೋಡ್ ಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಕ್ಲಿಪ್ಪಿನ ಮೇಲಲ್ಲ, ಕಂಬದ ಸೀಸದ ಮೇಲೇ ಒತ್ತಿದೆ. ಇನ್ನೊಂದನ್ನು ಇನ್ವರ್ಟರಿನ ಪಾಸಿಟಿವ್ ಮೇಲೆ. ಒಳ್ಳೆಯ ವೈರಾದರೆ 0.2ರ ಆಸುಪಾಸು ತೋರಿಸಬೇಕು. ಮೀಟರಲ್ಲಿ 0.95 ಬಂತು. ಇಷ್ಟು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಕರಗುತ್ತಿದೆ ಎಂದರ್ಥ.

ಎಲ್ಲಿ ಎಂಬುದಕ್ಕೆ ಹೆಜ್ಜೆ ಹೆಜ್ಜೆಯಾಗಿ ಬರಬೇಕು. ಬ್ಯಾಟರಿ ಕಂಬದಿಂದ ಕ್ಲಿಪ್ಪಿಗೆ 0.03. ಕ್ಲಿಪ್ಪಿನಿಂದ ವೈರಿನ ಆ ತುದಿಗೆ 0.1. ವೈರಿನಿಂದ ಫ್ಯೂಸ್ ಹೋಲ್ಡರಿನ ಬೋಲ್ಟಿಗೆ, ಅಂದರೆ ಲಗ್ಗಿನ ಆಚೆ ಈಚೆ, 0.7. ಕ್ಲ್ಯಾಂಪ್ ಮೀಟರಲ್ಲಿ 110 ಆ್ಯಂಪ್ ಇತ್ತು. 0.7ನ್ನು 110ರಿಂದ ಗುಣಿಸಿ: 77 ವ್ಯಾಟ್. ನಾವು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದು ತವರವನ್ನು ಕರಗಿಸುತ್ತದೆ. ಇಲ್ಲಿ ಅಂಥ ಮೂರು ಐರನ್‌ಗಳಷ್ಟು ಬಿಸಿ ಹೆಬ್ಬೆರಳು ಗಾತ್ರದ ಒಂದು ಲಗ್ಗಿನಲ್ಲಿ, ಅಜ್ಜಿಯ ಹಾಸಿಗೆ ಕೆಳಗೆ.

ಲಗ್ ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಲಗ್ಗನ್ನು ವೈರಿಗೆ ಒತ್ತಿ ಬಿಗಿಯುವ ಕ್ರಿಂಪಿಂಗ್ ಟೂಲ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದರು. ಎಳೆದರೆ ತಾಮ್ರದ ಎಳೆಗಳು ಕೈಗೇ ಬಂದವು. ಇನ್ನೊಂದು ತಪ್ಪು: ಲಗ್ಗಿಗೂ ಫ್ಯೂಸಿಗೂ ನಡುವೆ ಸ್ಟೀಲಿನ ವಾಷರ್ ಸೇರಿಸಿದ್ದರು. ಕರೆಂಟು ತಾಮ್ರದಿಂದ ತಾಮ್ರಕ್ಕೆ ನೇರವಾಗಿ ಹೋಗಬೇಕು, ವಾಷರ್ ಅದರ ಮೇಲೆ, ನಟ್ಟಿನ ಕೆಳಗೆ ಕೂರಬೇಕು.

ಹಾಗಾದರೆ 110 ಆ್ಯಂಪಿಗೆ 150ರ ಫ್ಯೂಸ್ ಏಕೆ ಹಾರಿತು? ಪ್ರಶ್ನೆ ಸರಿಯಾದದ್ದೇ. ಅದನ್ನು ದಾರಿಯ ಮೆಕ್ಯಾನಿಕ್ ಕೇಳಿಕೊಳ್ಳಬೇಕಿತ್ತು. ಫ್ಯೂಸ್ ಎಂಬುದು ಬಿಸಿಗೆ ಕರಗುವ ಪಟ್ಟಿ. ಪಕ್ಕದ ಲಗ್ಗೇ ಕಾದು ಕೆಂಡವಾಗಿದ್ದರೆ ಆ ಬಿಸಿ ಫ್ಯೂಸಿಗೂ ಹರಿದು, ಅದು ತನ್ನ ಅಳತೆಗಿಂತ ಕಡಿಮೆ ಕರೆಂಟಿಗೇ ಕರಗುತ್ತದೆ. ಲೋಡ್ ಸರಿಯಿದ್ದೂ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮೊದಲು ಅದರ ಎರಡೂ ತುದಿಯ ಜಾಯಿಂಟ್ ನೋಡಿ. ಪ್ಲಾಸ್ಟಿಕ್ ಕರಗಿ ಬಾಗಿದೆಯಾ, ಬೋಲ್ಟಿನ ಬಣ್ಣ ನೀಲಿಗೆ ತಿರುಗಿದೆಯಾ ನೋಡಿ. ಫ್ಯೂಸ್ ಇರುವುದು ವೈರನ್ನು ಕಾಯಲು, ಒಲೆಯನ್ನೋ ಫ್ರಿಜ್ಜನ್ನೋ ಕಾಯಲು ಅಲ್ಲ. ವೈರು ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದ ಫ್ಯೂಸ್‌ಗಳನ್ನೂ ಕಂಡಿದ್ದೇನೆ. ಅಂಥದ್ದು ನಿಮ್ಮ ಗಾಡಿಯಲ್ಲಿದ್ದರೆ ಇವತ್ತೇ ಕಿತ್ತು ಹಾಕಿ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲು ಇಲ್ಲ. ಅದು ಎಷ್ಟು ಉದ್ದವಿದೆಯೋ ಅಷ್ಟು ಅಪಾಯ. ಎಂಜಿನ್ ಬ್ಯಾಟರಿಯಿಂದ ಹಿಂದಿನ ಮನೆಬ್ಯಾಟರಿಗೆ, ಅಂದರೆ ಒಲೆ, ಫ್ರಿಜ್ ಓಡಿಸುವ ಎರಡನೇ ಬ್ಯಾಟರಿಗೆ, ಹೋಗುವ ಉದ್ದ ವೈರಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಡುವೆ ವೈರು ಚಾಸಿಗೆ ತಾಗಿ ಶಾರ್ಟ್ ಆದರೆ ಮುಂದಿನ ಫ್ಯೂಸ್ ಹಾರಿದರೂ ಹಿಂದಿನ ಬ್ಯಾಟರಿ ಕರೆಂಟ್ ಸುರಿಯುತ್ತಲೇ ಇರುತ್ತದೆ, ಯಾಕೆಂದರೆ ಅದೂ ಒಂದು ಬ್ಯಾಟರಿಯೇ.

ವೈರು ತಾಗುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ. ತಗಡಿನ ತೂತಿನಲ್ಲಿ ವೈರು ಕಾಯುವ ರಬ್ಬರ್ ಬಳೆ (ಗ್ರೋಮೆಟ್) ಇಲ್ಲದ ಕಡೆ, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಬಾಗಿಲ ಕೀಲು, ಮಂಚದ ಸ್ಕ್ರೂ ಇಳಿದ ಜಾಗ. ರಸ್ತೆಯ ಕುಲುಕಾಟಕ್ಕೆ ವರ್ಷದಲ್ಲಿ ಹೊದಿಕೆ ಸವೆಯುತ್ತದೆ. ಟಾರ್ಚ್ ಹಿಡಿದು ಉದ್ದಕ್ಕೂ ನೋಡುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಬಣ್ಣ ಮಾಸಿದ, ಗಟ್ಟಿಯಾದ, ಬಾಗಿಸಿದರೆ ಬಿರುಕು ಬಿಡುವ ವೈರನ್ನು ಬದಲಿಸಿ. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ 70 ಡಿಗ್ರಿಗೆ ಮಾಡಿದ್ದು. ನಮ್ಮೂರಿನ ಬೇಸಿಗೆಯಲ್ಲಿ ಹೊರಗೇ 38-39 ಇರುವಾಗ, ಬಿಸಿಲಲ್ಲಿ ನಿಂತ ಗಾಡಿಯ ಮಂಚದ ಕೆಳಗೆ ಆ ವೈರು ಇನ್ನಷ್ಟು ಬಿಸಿ ತಾಳಲು ಉಳಿಯುವ ಅವಕಾಶ ಬಹಳ ಕಡಿಮೆ.

ನಿಂತಲ್ಲಿ ಹೊರಗಿನ ಕರೆಂಟ್ ಎಳೆದುಕೊಳ್ಳುವಾಗ ಎರಡು ಮಾತು. ಲಾಡ್ಜಿನ ಬೋರ್ಡಿನ 6 ಆ್ಯಂಪ್ ಪಾಯಿಂಟಿಗೆ ಎಸಿ ಮತ್ತು ಗೀಸರ್ ಒಟ್ಟಿಗೆ ಹಾಕಬೇಡಿ. 16 ಆ್ಯಂಪಿನದನ್ನೇ ಕೇಳಿ, ಅರ್ಧ ಗಂಟೆ ಕಳೆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಕೊಂಡೇ ಇದ್ದರೆ ಒಳಗಿನ ಸುತ್ತುಗಳ ಬಿಸಿ ಹೋಗಲು ದಾರಿಯಿಲ್ಲ.

ಎಂಜಿನ್ ಕಡೆ

ಮೂಲ ಗಾಡಿಗೆ ಲೆಕ್ಕ ಹಾಕಿದ ತೂಕಕ್ಕಿಂತ ಕ್ಯಾರವಾನ್ ಭಾರ ಹೆಚ್ಚಾಗುವುದು ಸುಲಭ. ನೀರಿನ ಟ್ಯಾಂಕೇ 100 ಲೀಟರ್ ಎಂದರೆ 100 ಕಿಲೋ. ಭಾರದ ಗಾಡಿ ಏರು ಹತ್ತುವಾಗ ಟರ್ಬೋ ಮತ್ತು ಸೈಲೆನ್ಸರ್ ಮ್ಯಾನಿಫೋಲ್ಡ್ 500 ಡಿಗ್ರಿಗೂ ಮೇಲೆ ಕಾಯುತ್ತವೆ. ಡೀಸೆಲ್ ಸುಮಾರು 210 ಡಿಗ್ರಿ ದಾಟಿದ ಬಿಸಿಗೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳಬಲ್ಲದು. ಹೀಗಿರುವಾಗ ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ಒಂದು ಬಿರುಕು, ಟರ್ಬೋಗೆ ಹೋಗುವ ಆಯಿಲ್ ಪೈಪಿನ ಒಂದು ಸಡಿಲ ನಟ್ಟು ಸಣ್ಣ ಸೋರಿಕೆ ಅಲ್ಲ.

"ಓಡುವಾಗ ಏನೂ ಇರಲಿಲ್ಲ, ಊಟಕ್ಕೆ ನಿಲ್ಲಿಸಿದ ಮೇಲೆ ಹೊತ್ತಿತು" ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಓಡುವಾಗ ಗಾಳಿ ಬಿಸಿಯನ್ನು ಹೊತ್ತೊಯ್ಯುತ್ತಿರುತ್ತದೆ. ನಿಂತ ತಕ್ಷಣ ಗಾಳಿಯೂ ಇಲ್ಲ, ಕೂಲೆಂಟ್ ಓಡಾಟವೂ ಇಲ್ಲ. ಬಾನೆಟ್ ಒಳಗಿನ ಬಿಸಿ ಕೆಲವು ನಿಮಿಷ ಏರುತ್ತದೆ. ಹಾಗಾಗಿ ಹೆದ್ದಾರಿಯಿಂದ ಇಳಿದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಆಫ್ ಮಾಡಿದ ಮೇಲೂ ಐದು ನಿಮಿಷ ಗಾಡಿ ಹತ್ತಿರವೇ ಇರಿ. ಹಿಂದೆ ಮಕ್ಕಳು ಮಲಗಿದ್ದಾರೆ ಎಂದು ಬಾಗಿಲು ಹಾಕಿಕೊಂಡು ಹೋಟೆಲಿಗೆ ಹೋಗುವುದನ್ನು ಮಾತ್ರ ಮಾಡಬೇಡಿ.

ಸೋರಿಕೆ ಹುಡುಕುವಾಗ ಡೀಸೆಲ್ ಪೈಪಿನ ಮೇಲೆ ಬೆರಳಾಡಿಸಬಾರದು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಸಾವಿರ ಬಾರ್‌ಗೂ ಮೇಲಿರುತ್ತದೆ, ಕಣ್ಣಿಗೆ ಕಾಣದ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಒರೆಸಿ, ಮತ್ತೆ ಓಡಿಸಿ, ಪೈಪಿನ ಮುಂದೆ ರಟ್ಟಿನ ತುಂಡು ಹಿಡಿಯಿರಿ. ರಟ್ಟು ಒದ್ದೆಯಾದ ಕಡೆ ಸೋರಿಕೆ. ಇನ್ನೊಂದು ನಮ್ಮ ಕಡೆಯ ರೂಢಿ: ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹೊಡೆದು ತೊಳೆಯುವುದು. ಮಿರಮಿರ ಮಿಂಚುತ್ತದೆ ನಿಜ. ಸಂದಿಯಲ್ಲಿ, ಸೌಂಡ್ ಪ್ರೂಫ್ ಫೋಮಿನಲ್ಲಿ ಉಳಿದ ಎಣ್ಣೆ ಮುಂದಿನ ಏರಿನಲ್ಲಿ ಕಾಯುತ್ತದೆ. ಇಲಿ ಕಟ್ಟಿದ ಗೂಡು, ಒರೆಸಲು ಇಟ್ಟು ಮರೆತ ಬಟ್ಟೆ ಇವೆರಡನ್ನೂ ಪ್ರವಾಸಕ್ಕೆ ಮುಂಚೆ ತೆಗೆದುಹಾಕಿ.

ಚಕ್ರ, ಮತ್ತು ರಸ್ತೆ ಮೇಲಿನ ಹುರುಳಿ

ಪ್ರತಿ ನಿಲುಗಡೆಯಲ್ಲೂ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಪ್ರತಿ ಚಕ್ರದ ಬಳಿ ಅಂಗೈಯ ಹಿಂಬದಿಯನ್ನು ಹತ್ತಿರ ತನ್ನಿ, ಮುಟ್ಟಬೇಡಿ. ಒಂದೇ ಆ್ಯಕ್ಸಲಿನ ಎರಡು ಬದಿಗಳಲ್ಲಿ ಒಂದು ಸುಮ್ಮನಿದ್ದು ಇನ್ನೊಂದು ಒಲೆಯಂತೆ ಹಬೆಯಾಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗಿನಲ್ಲಿ ಗ್ರೀಸ್ ಇಲ್ಲ. ಟೆಂಪರೇಚರ್ ಗನ್ ಇದ್ದರೆ ಇನ್ನೂ ಒಳ್ಳೆಯದು. ಎರಡು ಬದಿಗೆ 25-30 ಡಿಗ್ರಿ ವ್ಯತ್ಯಾಸ ಕಂಡರೆ ನಾನು ಆ ಗಾಡಿಯನ್ನು ಮುಂದೆ ಬಿಡುವುದಿಲ್ಲ. ಹಿಂದೆ ಜೋಡಿ ಟೈರ್ ಇದ್ದರೆ ಒಳಗಿನದರ ಗಾಳಿ ಯಾರೂ ನೋಡುವುದಿಲ್ಲ. ಗಾಳಿ ಇಳಿದ ಒಳಟೈರ್ ಮಡಚಿ ಮಡಚಿ ಕಾದು, ಕೊನೆಗೆ ಹೊತ್ತುತ್ತದೆ. ಟೈರಿನ ಬೆಂಕಿ ಪೌಡರ್‌ಗೆ ಆರಿದಂತೆ ಕಂಡು ಮತ್ತೆ ಎದ್ದೇಳುತ್ತದೆ, ಅದಕ್ಕೆ ಬೇಕಾದದ್ದು ತಂಪು ಮಾಡುವ ನೀರು, ಅದೂ ಬಹಳ.

ಈಗ ಹುಲ್ಲಿನ ವಾಸನೆಯ ಮಾತು. ಹೆದ್ದಾರಿ ಬಿಟ್ಟು ಜಗಳೂರು, ಹೊಳಲ್ಕೆರೆ, ಹೊಸದುರ್ಗದ ಒಳರಸ್ತೆಗಳಿಗೆ ಇಳಿದರೆ ಸುಗ್ಗಿಯಲ್ಲಿ ರಾಗಿ, ಹುರುಳಿ, ತೊಗರಿಯನ್ನು ರಸ್ತೆ ಮೇಲೆ ಹರಡಿರುತ್ತಾರೆ. ಗಾಡಿಗಳ ಚಕ್ರವೇ ಒಕ್ಕಣೆ. ಕಣ ಮಾಡಲು ಜಾಗವಿಲ್ಲದ ರೈತರ ಕಷ್ಟ ನನಗೆ ಗೊತ್ತು, ನಮ್ಮ ಮನೆಯವರೂ ಹೊಲ ಮಾಡುವವರೇ. ಆದರೆ ಹುರುಳಿ ಬಳ್ಳಿ ಹಗ್ಗದಂತೆ. ಗಾಡಿ ಕೆಳಗೆ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಉಜ್ಜಿ ಉಜ್ಜಿ, ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಬಿಎಸ್-6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು: ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತನ್ನನ್ನು ತಾನು ಸುಟ್ಟು ಶುದ್ಧ ಮಾಡಿಕೊಳ್ಳುವಾಗ ಒಳಗೆ 550-600 ಡಿಗ್ರಿ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೂ ಸಾಕು. ವಾಣಿ ವಿಲಾಸ ಸಾಗರದ ದಂಡೆಗೋ ಸೂಳೆಕೆರೆಯ ದಂಡೆಗೋ ಹೋಗಿ ನೆರಳು ನೋಡಿ ನಿಲ್ಲಿಸುವವರು ನೆರಳಿಗಿಂತ ಮೊದಲು ನೆಲ ನೋಡಬೇಕು. ಒಕ್ಕಣೆ ದಾಟಲೇಬೇಕಾಗಿ ಬಂದರೆ ನಿಧಾನ ದಾಟಿ, ಅರ್ಧ ಕಿಲೋಮೀಟರ್ ಒಳಗೆ ನಿಲ್ಲಿಸಿ, ಬಗ್ಗಿ ನೋಡಿ. ಸಿಲುಕಿದ್ದರೆ ಎಂಜಿನ್ ಆಫ್ ಮಾಡಿ ಕುಡುಗೋಲಲ್ಲಿ ಕೊಯ್ದು ತೆಗೆಯಿರಿ. ಗಾಡಿಯಲ್ಲಿ ಒಂದು ಕುಡುಗೋಲು ಇರಲಿ.

ಗ್ಯಾಸ್

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದು. ನೆಲದ ಮೇಲೆ ನೀರಿನಂತೆ ಹರಡಿ, ತಗ್ಗು ಸಿಕ್ಕಲ್ಲಿ, ಅಂದರೆ ಬ್ಯಾಟರಿ ಪೆಟ್ಟಿಗೆಯಲ್ಲೋ ಮಂಚದ ಕೆಳಗೋ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಕಿಡಿಗೆ ಸ್ಫೋಟಿಸುತ್ತದೆ. ಆದ್ದರಿಂದ ಮೇಲಿನ ಕಿಟಕಿ ತೆರೆದಿಟ್ಟರೆ ಆಯಿತು ಎನ್ನುವುದು ತಪ್ಪು. ಸಿಲಿಂಡರ್ ಇರುವ ಗೂಡಿನ ತಳದಲ್ಲಿ ಗಾಡಿಯ ಹೊರಕ್ಕೆ ತೆರೆಯುವ ತೂತು ಇರಬೇಕು, ಆ ಗೂಡು ಒಳಗಿನ ಕೋಣೆಗೆ ತೆರೆಯಬಾರದು. ಗ್ಯಾಸ್ ಅಲಾರಂ ಕೂರಿಸುವುದಾದರೆ ಕಾಲಿನ ಗೆಣ್ಣಿನ ಎತ್ತರಕ್ಕೆ.

ಸೋರಿಕೆ ನೋಡಲು ಸೋಪಿನ ನೊರೆ, ಒಂದು ಹಳೆಯ ಬ್ರಷ್. ರೆಗ್ಯುಲೇಟರ್, ಪೈಪಿನ ಎರಡು ತುದಿ, ಒಲೆಯ ನಾಬ್. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ದಿನಾಂಕ ಅಚ್ಚಾಗಿರುತ್ತದೆ, 5 ವರ್ಷ ದಾಟಿದ್ದರೆ ಬದಲಿಸಿ. ಕುಲುಕುವ ಗಾಡಿಯಲ್ಲಿ ನಾನಾದರೆ ಅಷ್ಟು ದಿನವೂ ಕಾಯುವುದಿಲ್ಲ. ಜಾಗ ಸಾಲದೆಂದು 5 ಕಿಲೋ ಸಿಲಿಂಡರನ್ನು ಅಡ್ಡ ಮಲಗಿಸಿ ಇಡುತ್ತಾರೆ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಒಲೆಯಲ್ಲಿ ಜ್ವಾಲೆ ಆಳೆತ್ತರ ಏಳಬಹುದು. ಗಾಡಿ ಚಲಿಸುವಾಗ ಸಿಲಿಂಡರ್ ವಾಲ್ವ್ ಬಂದ್ ಇರಲಿ. ಗ್ಯಾಸಿನಲ್ಲಿ ಓಡುವ ಫ್ರಿಜ್ ಇದ್ದರೆ ಪೆಟ್ರೋಲ್ ಬಂಕಿನೊಳಗೆ ಕಾಲಿಡುವ ಮೊದಲೇ ಅದರ ಜ್ವಾಲೆ ಆರಿಸಿ.

ಹೊರಬರುವ ದಾರಿ

2020ರ ಆಗಸ್ಟ್‌ನಲ್ಲಿ ಹಿರಿಯೂರಿನ ಬಳಿ, ವಿಜಯಪುರದಿಂದ ಬೆಂಗಳೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಹೊತ್ತಿ ಉರಿದು ಐದು ಜೀವ ಹೋದವು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅದೇ ನೆನಪು. ಮಲಗಿದವರಿರುವ ಗಾಡಿಗೆ ಬೆಂಕಿ ಬಿದ್ದರೆ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು. ಫೋಮ್, ರೆಕ್ಸಿನ್, ಪ್ಲೈವುಡ್ ಸುಟ್ಟ ಹೊಗೆಯಲ್ಲಿ ಎರಡು ಉಸಿರಿಗೆ ತಲೆ ತಿರುಗುತ್ತದೆ. ಹಾಗಾಗಿ ಕ್ಯಾರವಾನ್‌ನಲ್ಲಿ ಬಾಗಿಲು ಬಿಟ್ಟು ಇನ್ನೊಂದು ದಾರಿ ಇರಲೇಬೇಕು: ಒಳಗಿನಿಂದ ತೆರೆಯುವ ಹಿಂಬಾಗಿಲೋ, ಆಳು ನುಸುಳುವಷ್ಟು ದೊಡ್ಡ ಕಿಟಕಿಯೋ. ಅದಕ್ಕೆ ಅಡ್ಡವಾಗಿ ಸೈಕಲ್, ಸೂಟ್‌ಕೇಸ್ ಕಟ್ಟಬೇಡಿ. ಗಾಜು ಒಡೆಯುವ ಸುತ್ತಿಗೆಯನ್ನು ಮಂಚದ ತಲೆದೆಸೆಯಲ್ಲಿ ತಿರುಪು ಹಾಕಿ ಕೂರಿಸಿ. ಮನೆಯಲ್ಲಿ ನಿಂತಿರುವಾಗ ಒಮ್ಮೆ, ದೀಪ ಆರಿಸಿ, ಮಕ್ಕಳಿಂದಲೇ ಆ ಕಿಟಕಿ ತೆರೆಸಿ ಇಳಿಸಿ ನೋಡಿ. ಅಜ್ಜಿ ಇಳಿಯಲಾಗದ ಕಿಟಕಿಯಾದರೆ ಅಜ್ಜಿಯನ್ನು ಬಾಗಿಲ ಪಕ್ಕ ಮಲಗಿಸಿ.

ಹೊಗೆ ಅಲಾರಂ ಒಂದು ಚಾವಣಿಯಲ್ಲಿರಲಿ. ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಎರಡು ಬೇಕು: ಡ್ರೈವರ್ ಕೈಗೆ ಸಿಗುವಲ್ಲಿ ಒಂದು, ಮಲಗುವ ಕಡೆಯ ಬಾಗಿಲ ಬಳಿ ಇನ್ನೊಂದು. ಒಲೆಯ ಮೇಲ್ಗಡೆ ನೇತುಹಾಕಿದರೆ ಒಲೆಗೆ ಬೆಂಕಿ ಬಿದ್ದಾಗ ಕೈ ಚಾಚಲಾಗದು. 2 ಕಿಲೋ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ, ಆದ್ದರಿಂದ ಪಿನ್ ಎಳೆದು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು ಹೊಡೆಯಬೇಕು. ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ, ತಲೆಕೆಳಗು ಮಾಡಿ ಅಲ್ಲಾಡಿಸಿ. ಕುಲುಕಾಟಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗಿರುತ್ತದೆ. ಮನೆಬ್ಯಾಟರಿಯನ್ನು ಒಂದೇ ತಿರುವಿಗೆ ಕಡಿದುಹಾಕುವ ಮೇನ್ ಸ್ವಿಚ್ ಹಾಸಿಗೆಯ ಕೆಳಗೆ ಬೇಡ, ಬಾಗಿಲ ಪಕ್ಕ ಬರಲಿ.

ಆ ವ್ಯಾನಿಗೆ ಮಾಡಿದ್ದು

35 ಚದರ ಮಿಲಿಮೀಟರಿನ ತಾಮ್ರದ ವೈರು, ಹೈಡ್ರಾಲಿಕ್ ಟೂಲಲ್ಲಿ ಒತ್ತಿದ ತವರ ಲೇಪದ ಲಗ್, ಬ್ಯಾಟರಿಯಿಂದ ಅರ್ಧ ಅಡಿಯಲ್ಲಿ ಹೊಸ ಹೋಲ್ಡರ್, ಅದರಲ್ಲಿ ಮತ್ತೆ 150ರದೇ ಫ್ಯೂಸ್. ಮೇಲೆ ರಬ್ಬರ್ ಟೋಪಿ. ಹಲಗೆಯ ಕಪ್ಪು ಭಾಗವನ್ನು ಕೊಯ್ದು ತೆಗೆದು ಅಲ್ಲಿಗೆ ಅಲ್ಯೂಮಿನಿಯಂ ತಗಡು ಹೊಡೆದೆ. ಅದೇ ಪಾತ್ರೆ, ಅದೇ ನೀರು, ಅದೇ 1200 ವ್ಯಾಟಿಟ್ಟು ಇಪ್ಪತ್ತು ನಿಮಿಷ ಓಡಿಸಿದೆವು. ಲಗ್ಗಿನ ಆಚೆ ಈಚೆ 0.02 ವೋಲ್ಟ್, ಅಂದರೆ 2 ವ್ಯಾಟ್ ಚಿಲ್ಲರೆ. ಕೈಯಿಟ್ಟರೆ ಉಗುರು ಬೆಚ್ಚಗೆ. ಕುದಿದ ನೀರಿಗೆ ಅಜ್ಜಿಯೇ ಚಹಾ ಪುಡಿ ಹಾಕಿದರು, ಕುಡಿದೆವು.

ಹೊಸ ಜಾಯಿಂಟಿನಲ್ಲಿ ತಾಮ್ರ ಬಿಸಿಗೆ ಹಿಗ್ಗಿ ತಣ್ಣಗೆ ಕುಗ್ಗಿ ಕೂರಲು ಸಮಯ ಬೇಕು, ವಾಪಸ್ ಬರುವಾಗ ಇಲ್ಲಿ ನಿಲ್ಲಿಸಿ ಎಂದು ಹೇಳಿ ಕಳಿಸಿದ್ದೆ. ಒಂಬತ್ತನೇ ದಿನ ನಿಲ್ಲಿಸಿದರು. ಸ್ಪ್ಯಾನರ್ ಹಾಕಿದೆ. ಫ್ಯೂಸ್ ಹೋಲ್ಡರಿನ ಎರಡು ನಟ್ಟುಗಳಲ್ಲಿ ಒಂದು ಅಲ್ಲಾಡಲಿಲ್ಲ, ಇನ್ನೊಂದು ಕಾಲು ಸುತ್ತು ಬಿಗಿಯಾಯಿತು.